ಮೇಷ್ಟ್ರು ಇಟ್ಟ ಕಲ್ಲು

ತಿಮ್ಮರಾಜು ಕೆ.ಆರ್.ಪೇಟೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ವಯಸ್ಸು ನಲವತ್ತೇಳು, ಕೊರಳಲ್ಲಿ ಸದಾ ಸೀಟಿ, ಮೈದಾನದ ಈ ತುದಿಯಲ್ಲಿ ಆಡಿದ ಮಾತು ಆ ತುದಿಗೆ ಕೇಳಿಸುವಂಥ ಗಂಟಲು. ಮನುಷ್ಯ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಅವನನ್ನು ಬೈಯುವುದಿದೆ. ಬಿದ್ದ ಹುಡುಗರನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ್ದಾನೆ, ಕಬಡ್ಡಿ ಟೀಮನ್ನು ಜಿಲ್ಲಾ ಮಟ್ಟಕ್ಕೆ ಕರೆದುಕೊಂಡು ಹೋಗಿದ್ದಾನೆ. ಚಾಳಿ ಒಂದೇ. ಮಾತಿಗೆ ಕೂತರೆ ರೈಲು ಬಿಡುತ್ತಾನೆ. ಹಾಗೆ ಬಿಟ್ಟ ರೈಲುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ತೂರುಗವಿಯದು.

ತೂರುಗವಿ ಇರುವುದು ಅವನ ಹೆಂಡತಿ ಪವಿತ್ರಳ ತವರೂರು ಗುಡ್ಡದಕೊಪ್ಪಲಿನಲ್ಲಿ. ಹೊಣಕೆರೆಯಲ್ಲಿ ಬಸ್ಸಿಳಿದು ಆಟೋ ಹಿಡಿದರೆ ಇಪ್ಪತ್ತು ನಿಮಿಷ. ಊರ ಹಿಂದೆ ಎರಡು ಗುಡ್ಡ, ಎರಡರ ನಡುವೆ ಕಣಿವೆ. ದೊಡ್ಡ ಗುಡ್ಡದ ಈ ಮಗ್ಗುಲಲ್ಲಿ ಗವಿಯ ಮುಂಬಾಯಿ, ಆ ಮಗ್ಗುಲಲ್ಲಿ ಹಿಂಬಾಯಿ. ಈ ಕಡೆ ಹೊಕ್ಕವರು ಬಗ್ಗಿ, ತೆವಳಿ, ಅರ್ಧ ಮುಕ್ಕಾಲು ಗಂಟೆಗೆ ಆ ಕಡೆ ತೂರಿಕೊಂಡು ಹೊರಗೆ ಬರುತ್ತಾರೆ. ಆಮೇಲೆ ಕಣಿವೆಯಲ್ಲಿ ನಡೆದು, ಗುಡ್ಡ ಸುತ್ತಿ, ವಾಪಸು ಮುಂಬಾಯಿಗೆ.

ಅಲ್ಲಿ ಒಂದು ಪದ್ಧತಿ ಇದೆ. ಮುಂಬಾಯಿಯ ಪಕ್ಕದಲ್ಲಿ ಒಂದು ಚಪ್ಪಡಿ ಹಾಸಿದೆ. ಒಳಗೆ ಹೋಗುವವರು ತಲೆಗೊಂದರಂತೆ ಅದರ ಮೇಲೆ ಕಲ್ಲಿಡಬೇಕು, ಸುತ್ತಿ ಬಂದ ಮೇಲೆ ಅವರವರ ಕಲ್ಲನ್ನು ಅವರವರೇ ಎತ್ತಿ ಎಸೆಯಬೇಕು. ಹೊತ್ತು ಮುಳುಗುವ ಮುಂಚೆ ಚಲುವಯ್ಯ ಎಂಬ ಮುದುಕ ಬಂದು ಚಪ್ಪಡಿ ನೋಡುತ್ತಾನೆ. ಬರಿದಾಗಿದ್ದರೆ ಆಡು ಹೊಡೆದುಕೊಂಡು ಮನೆಗೆ ಹೋಗುತ್ತಾನೆ. ಒಂದು ಕಲ್ಲು ಉಳಿದಿದ್ದರೂ ಒಳಗೆ ಒಬ್ಬ ಉಳಿದಿದ್ದಾನೆ ಎಂದೇ ಅರ್ಥ, ಊರಿಗೆ ಊರೇ ಏಳಬೇಕು. ಅವನ ಅಪ್ಪನೂ ಈ ಕೆಲಸ ಮಾಡಿದವನು, ಅಜ್ಜನೂ ಮಾಡಿದವನು. ಯಾರೂ ಅವರಿಗೆ ಹೇಳಿದ್ದಲ್ಲ. ಆ ಊರಿನ ಪುಂಡ ಹುಡುಗರು ಎಲ್ಲದರಲ್ಲೂ ತಮಾಷೆ ಮಾಡುತ್ತಾರೆ, ಆ ಚಪ್ಪಡಿಯ ಹತ್ತಿರ ಮಾತ್ರ ಮಾಡುವುದಿಲ್ಲ.

ತಿಮ್ಮರಾಜು ಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಹುಡುಗರ ಮುಂದೆ, ಮನೆಗೆ ಬಂದ ನೆಂಟರೆದುರಿಗೆ ಹೇಳುತ್ತಿದ್ದುದು ಒಂದೇ ಮಾತು: "ಮದುವೆ ಆದ ವರ್ಷ ಬೆಳಗಿನ ಜಾವ ಒಬ್ನೇ ಎದ್ದೋಗಿ ತೂರಿಬಂದೆ. ಬ್ಯಾಟರಿನೂ ಇಲ್ಲ, ಬೆಂಕಿಕಡ್ಡಿನೂ ಇಲ್ಲ." ಒಬ್ಬನೇ ಹೋದದ್ದು ನಿಜ. ಗವಿಯೊಳಗಿನ ಇಕ್ಕಟ್ಟು ಸಂದಿನಲ್ಲಿ ಸೊಂಟದವರೆಗೆ ಹೋಗಿ, ಕತ್ತಲು ಮುಖಕ್ಕೆ ಬಟ್ಟೆ ಒತ್ತಿದ ಹಾಗೆ ಆಗಿ, ಉಸಿರು ಸಿಕ್ಕದೆ, ಹಿಂದಕ್ಕೆ ತೆವಳಿಕೊಂಡು ಬಂದು ಬಂಡೆಯ ಮೇಲೆ ಒಂದು ಗಂಟೆ ನಡುಗುತ್ತಾ ಕೂತದ್ದೂ ನಿಜ. ಆ ಎರಡನೆಯ ನಿಜ ಅವನೊಬ್ಬನಿಗೇ ಗೊತ್ತು. ಮನೆಯಲ್ಲಿ ಬಚ್ಚಲ ಬಾಗಿಲಿಗೆ ಅವನು ಇವತ್ತಿಗೂ ಚಿಲಕ ಹಾಕುವುದಿಲ್ಲ. ಪವಿತ್ರ ಅದನ್ನು ಮರೆವು ಅಂತ ತಿಳಿದು ಇಪ್ಪತ್ತು ವರ್ಷದಿಂದ ಬೈಯುತ್ತಲೇ ಇದ್ದಾಳೆ.

ದಸರಾ ರಜೆಗೆ ಈ ಸಲವೂ ಗಂಡ, ಹೆಂಡತಿ, ಮಗಳು ಮೂವರೂ ಕೊಪ್ಪಲಿಗೆ ಬಂದಿದ್ದರು. ಆಯುಧಪೂಜೆ ಮುಗಿದ ಮೂರನೆಯ ದಿನ ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಮಗಳು ರಂಜಿತ ವಿಷಯ ಎತ್ತಿದಳು. ಫಸ್ಟ್ ಪಿಯುಸಿ ಓದುವ ಹುಡುಗಿ, ಅಪ್ಪನ ಹಾಗೆ ಉದ್ದ ಕಾಲು, ಅಪ್ಪನ ಹಾಗೆ ಮಾತು ಇಲ್ಲ.

"ಅಪ್ಪ, ಇವತ್ತು ಗವಿ ತೂರಣ. ಕಾಲೇಜಲ್ಲಿ ಎಲ್ಲರಿಗೂ ಹೇಳ್ಬುಟ್ಟು ಬಂದಿದೀನಿ, ನಮ್ಮಪ್ಪನ ಜೊತೆ ತೂರ್ತೀನಿ ಅಂತ."

ತಿಮ್ಮರಾಜು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದ. ಮಂಡಿ ನೋವು ಎಂದ. ನಿನ್ನೆ ಸಂಜೆಯಷ್ಟೇ ಓಣಿಯ ಹುಡುಗರ ಜೊತೆ ವಾಲಿಬಾಲ್ ಆಡಿದವನು, ಯಾರು ನಂಬುತ್ತಾರೆ. ಡೈರಿಗೆ ಹಾಲು ಹಾಕಿ ಆಗತಾನೆ ಬಂದ ಪವಿತ್ರಳ ತಮ್ಮ ಮಂಜುನಾಥ, ಕ್ಯಾನು ಕೆಳಗಿಡುತ್ತಾ, "ಅಯ್, ಬಾ ಭಾವ. ನಾನೂ ಬತ್ತೀನಿ. ನಿನ್ ಮಗಳಿಗೆ ನಿನ್ ದಾರಿ ನೀನೇ ತೋರಿಸ್ದೆ ಇನ್ಯಾರು ತೋರಿಸ್ತಾರೆ" ಎಂದ. ಒಳಗಿನಿಂದ ಪವಿತ್ರ ಕೂಗಿ ಹೇಳಿದಳು, "ಹೋಗ್ಬನ್ರೀ, ಮಧ್ಯಾಹ್ನಕ್ಕೆ ಕೋಳಿಸಾರು ಆಗಿರ್ತದೆ." ಎಲ್ಲ ಕಡೆಯಿಂದಲೂ ದಾರಿ ಮುಚ್ಚಿತು. ಆಡಿದ ಮಾತು ಇಷ್ಟು ವರ್ಷ ತಿರುಗಾಡಿ, ಕೊನೆಗೆ ಮಗಳ ಬಾಯಿಂದ ವಾಪಸು ಬಂದಿತ್ತು.

ಹುಚ್ಚೆಳ್ಳು ಹೊಲಗಳು ಹಳದಿಯಾಗಿದ್ದವು, ರಾಗಿ ತೆನೆ ಕಟ್ಟುತ್ತಿತ್ತು. ರಂಜಿತ ಮುಂದೆ ಮುಂದೆ ಜಿಗಿಯುತ್ತಾ ಹೋದಳು. ತಿಮ್ಮರಾಜು ಹಿಂದೆ ಹಿಂದೆ, ಮಳೆ ಬರಲಿ, ಹಾವು ಅಡ್ಡ ಬರಲಿ, ಭಾಮೈದನಿಗೆ ಫೋನು ಬಂದು ಹಸು ಕರು ಹಾಕುತ್ತಿದೆ ಎನ್ನಲಿ ಎಂದು ಕಂಡ ದೇವರಿಗೆಲ್ಲ ಹೇಳಿಕೊಳ್ಳುತ್ತಾ ನಡೆದ. ಯಾವುದೂ ಬರಲಿಲ್ಲ. ಗುಡ್ಡ ಹತ್ತುವಾಗ ಫೋನಿನ ಸಿಗ್ನಲ್ಲೂ ಹೋಯಿತು.

ಮುಂಬಾಯಿಯ ಹತ್ತಿರ ಚಲುವಯ್ಯ ಆಡು ಮೇಯಿಸುತ್ತಿದ್ದ. ಎಪ್ಪತ್ತು ದಾಟಿದ ಒಣಕಲು ದೇಹ, ತಲೆಗೆ ಟವಲು. "ಓಹೋ, ಮೇಷ್ಟ್ರು. ಬನ್ನಿ ಬನ್ನಿ. ಮಗೀನೂ ಕರ್ಕಬಂದ್ರಾ. ಕಲ್ಲಿಡ್ರವ್ವ ಮೊದ್ಲು." ಮಂಜುನಾಥ ನಿಂಬೆಹಣ್ಣಿನ ಗಾತ್ರದ್ದು ಇಟ್ಟ, ರಂಜಿತ ಅದಕ್ಕಿಂತ ಚಿಕ್ಕದು ಹುಡುಕಿ ಇಟ್ಟಳು. ತಿಮ್ಮರಾಜು ನೋಡಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ತೆಂಗಿನಕಾಯಿ ಗಾತ್ರದ ಕಲ್ಲೊಂದನ್ನು ಎರಡು ಕೈಯಲ್ಲಿ ಎತ್ತಿ ತಂದು ಧಡ್ಡನೆ ಇಟ್ಟ. ಹೆದರಿದವರು ಹೀಗೇ ಮಾಡುವುದು.

ಚಲುವಯ್ಯ ನಕ್ಕ. "ಅಷ್ಟ್ ದೊಡ್ದು ಯಾಕ್ ಮೇಷ್ಟ್ರೆ, ಬೆಣಚುಕಲ್ಲು ಸಾಕಾಗಿತ್ತು."

"ಆಳಿಗೆ ತಕ್ಕ ಕಲ್ಲು ಚಲುವಯ್ಯ" ಎಂದ ತಿಮ್ಮರಾಜು. ಮಂಜುನಾಥ ನಕ್ಕ, ರಂಜಿತಳಿಗೂ ಅಪ್ಪನ ಬಗ್ಗೆ ಹೆಮ್ಮೆಯಾಯಿತು.

ಒಳಗೆ ಹೋಗುವ ಕ್ರಮವನ್ನೂ ಅವನೇ ಗೊತ್ತುಮಾಡಿದ. "ಮಂಜ, ನೀನು ಮುಂದೆ. ರಂಜಿ ನಡುವೆ. ನಾನು ಹಿಂದೆ. ಲೀಡರ್ ಆದವನು ಯಾವಾಗ್ಲೂ ಹಿಂದೆ ಇರ್ಬೇಕು, ಟ್ರೆಕ್ಕಿಂಗ್ ರೂಲು." ಅಂಥ ರೂಲು ಇದೆಯೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಮೊದಲ ಹತ್ತು ಹೆಜ್ಜೆ ನಿಂತು ನಡೆಯಬಹುದಿತ್ತು. ಬಾವಲಿ ಹಿಕ್ಕೆಯ ವಾಸನೆ ಮೂಗಿಗೆ ಹೊಡೆಯಿತು. ಆಮೇಲೆ ಗವಿ ಬಲಕ್ಕೆ ತಿರುಗಿ, ಮೇಲಿನ ಬಂಡೆ ಕೆಳಕ್ಕೆ ಇಳಿದು, ಹೊಟ್ಟೆಯ ಮೇಲೆ ತೆವಳಬೇಕಾದ ಸಂದು. ಮಂಜುನಾಥ ನುಸುಳಿದ. ರಂಜಿತಳೂ ನುಸುಳಿದಳು. ತಿಮ್ಮರಾಜು ತಲೆ ತೂರಿಸಿದ, ಒಂದು ಭುಜ ತೂರಿಸಿದ. ಬಂಡೆ ಬೆನ್ನಿಗೆ ತಾಕಿತು. ಅಷ್ಟೇ. ಇಪ್ಪತ್ತು ವರ್ಷದ ಹಿಂದಿನ ಬಟ್ಟೆ ಮತ್ತೆ ಬಂದು ಮುಖಕ್ಕೆ ಒತ್ತಿತು, ಕಿವಿಯಲ್ಲಿ ರಕ್ತ ಗುಂಯ್ ಎಂದಿತು, ಸತ್ತೇ ಹೋಗುತ್ತೇನೆ ಅನ್ನಿಸಿತು. ಬ್ಯಾಟರಿ ಆರಿಸಿ ಹಿಂದಕ್ಕೆ ಸರಿದ. ಎದ್ದ. ತಿರುಗಿದ. ಬೆಳಕು ಕಂಡ ಕಡೆಗೆ ಗೋಡೆ ತಡವಿಕೊಂಡು ಹೊರಗೆ ಬಂದು ಬಾಯಿ ತೆರೆದು ಗಾಳಿ ಕುಡಿದ.

ಚಲುವಯ್ಯ ಆಡುಗಳ ಹಿಂದೆ ಕೆಳಗಿನ ಇಳಿಜಾರಿಗೆ ಹೋಗಿದ್ದ. ಯಾರೂ ಇಲ್ಲ. ಉಸಿರು ಹದಕ್ಕೆ ಬಂದ ಮೇಲೆ ತಿಮ್ಮರಾಜುವಿನ ತಲೆ ಓಡಿತು. ಓಡಬಾರದ ಕಡೆಗೇ ಓಡಿತು. ಕಣಿವೆಯಲ್ಲಿ ಬೇಗ ಬೇಗ ಸುತ್ತಿಕೊಂಡು ಹೋದರೆ, ಅವರು ತೂರಿ ಬರುವಷ್ಟರಲ್ಲಿ ಹಿಂಬಾಯಿಯ ಹತ್ತಿರ ಇರಬಹುದು. ಅವರು ಹೊರಗೆ ಬಂದು ಆಚೆ ನೋಡುವಾಗ ಬಂಡೆ ಮರೆಯಿಂದ ಎದ್ದು, ಉಸ್ಸಪ್ಪ ಎಂದು ಮೈ ಕೊಡವಿಕೊಂಡರೆ ಆಯಿತು, ಹಿಂದೆಯೇ ಬಂದ ಹಾಗೆ. ಚಪ್ಪಡಿಯ ಮೇಲಿನ ಕಲ್ಲು ಕಣ್ಣಿಗೆ ಬಿತ್ತು. ಈಗಲೇ ಎತ್ತಿ ಎಸೆದರೆ ಒಳಗೆ ಹೋಗಲಿಲ್ಲ ಎಂದು ತಾನೇ ಊರಿಗೆಲ್ಲ ಸಾರಿದ ಹಾಗೆ. ಆಮೇಲೆ ಎಲ್ಲರ ಜೊತೆ ಬಂದು ಎಸೆದರಾಯಿತು ಅಂದುಕೊಂಡು ಬಿಟ್ಟು ನಡೆದ. ಆ ಊರಿನಲ್ಲಿ ಹುಟ್ಟಿದವನಾಗಿದ್ದರೆ ಪ್ರಾಣ ಹೋದರೂ ಹಾಗೆ ಬಿಡುತ್ತಿರಲಿಲ್ಲ. ಅವನು ಅಳಿಯ, ಪದ್ಧತಿ ಗೊತ್ತು, ಅದರ ಭಾರ ಗೊತ್ತಿಲ್ಲ.

ಕಣಿವೆ ಚೆನ್ನಾಗಿತ್ತು. ಬೇರೆ ದಿನವಾಗಿದ್ದರೆ ನಿಂತು ನೋಡುತ್ತಿದ್ದ. ಎರಡೂ ಕಡೆ ಬಂಡೆ, ನಡುವೆ ತೆಳ್ಳಗೆ ಹರಿಯುವ ಹಳ್ಳ, ದಂಡೆಯಲ್ಲಿ ಹೊಂಗೆ ಮರಗಳು, ತಂಗಡಿ ಗಿಡದ ತುಂಬ ಹೂವು. ತಿಮ್ಮರಾಜು ಇದ್ಯಾವುದನ್ನೂ ನೋಡದೆ ದಡಬಡ ನಡೆದ. ಹಳ್ಳ ಎರಡಾಗಿ ಒಡೆಯುವ ಜಾಗದಲ್ಲಿ ಎಡಕ್ಕೆ ಹೋಗಬೇಕಿತ್ತು, ಬಲಕ್ಕೆ ಹೋದ. ಅರ್ಧ ಗಂಟೆ ನಡೆದ ಮೇಲೆ ಲಾಂಟಾನ ಪೊದೆ ಗೋಡೆಯ ಹಾಗೆ ಎದುರು ನಿಂತಿತು. ನುಗ್ಗಿದ. ಷರ್ಟು ಹರಿಯಿತು, ಕೈಯೆಲ್ಲ ಗೀರಾಯಿತು. ತಪ್ಪು ದಾರಿ ಅಂತ ಗೊತ್ತಾಗಿ ವಾಪಸು ಬಂದು, ಎಡಗವಲು ಹಿಡಿದು, ಹಿಂಬಾಯಿ ಮುಟ್ಟುವಾಗ ಹೊರಟು ಒಂದೂವರೆ ಗಂಟೆ ಕಳೆದಿತ್ತು.

ಅಲ್ಲಿ ಯಾರೂ ಇರಲಿಲ್ಲ. ಕೂಗಲು ಬಾಯಿ ತೆರೆದವನು ಮುಚ್ಚಿಕೊಂಡ. ಇನ್ನೂ ಒಳಗೇ ಇರಬೇಕು, ಹುಡುಗಿ ನಿಧಾನ ಬರುತ್ತಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮನುಷ್ಯನಿಗೆ ಬೇಕಾದ್ದನ್ನು ನಂಬುವುದು ಎಷ್ಟು ಸುಲಭ. ಹಳ್ಳದ ಪಕ್ಕದ ಕೆಸರು ತೆಗೆದು ಮೊಣಕೈಗೆ, ಎದೆಗೆ, ಮಂಡಿಗೆ ಸವರಿಕೊಂಡು, ನಾಟಕಕ್ಕೆ ಬಣ್ಣ ಹಚ್ಚಿದವನ ಹಾಗೆ ಬಂಡೆ ಮರೆಯಲ್ಲಿ ಕೂತ.

ನಿಜವಾಗಿ ಆದದ್ದು ಬೇರೆ. ಮಂಜುನಾಥ ಮತ್ತು ರಂಜಿತ ಆಗಲೇ ಹೊರಗೆ ಬಂದು, ಕಾದು, ಮೇಷ್ಟ್ರು ಬರದೆ ಇದ್ದದ್ದಕ್ಕೆ ಮಂಜುನಾಥನಿಗೆ ಗಾಬರಿಯಾಗಿ, ಇಬ್ಬರೂ ಸರಿಯಾದ ದಾರಿಯಲ್ಲಿ ಮುಂಬಾಯಿಗೆ ಓಡಿದ್ದರು. ಅಲ್ಲಿ ಚಪ್ಪಡಿಯ ಮೇಲೆ ತೆಂಗಿನಕಾಯಿ ಗಾತ್ರದ ಕಲ್ಲು ಕೂತೇ ಇತ್ತು. ಊರಿಗೆ ಸುದ್ದಿ ಹೋಗಿ, ಜನ ಹಗ್ಗ ಬ್ಯಾಟರಿ ತಂದು, ಎಲ್ಲರಿಗಿಂತ ಮೊದಲು ಚಲುವಯ್ಯ ಒಳಗೆ ಹೊಕ್ಕಿದ್ದ. ಇದು ಯಾವುದೂ ಕಣಿವೆಯ ಈ ಕಡೆ ಕೂತವನಿಗೆ ತಿಳಿಯದು.

ಅವನು ಕೂತು ಒಂದು ಗಂಟೆಯ ಮೇಲಾದಾಗ ಹಿಂಬಾಯಿಯ ಕತ್ತಲಲ್ಲಿ ಬೆಳಕು ಆಡಿತು. ತಿಮ್ಮರಾಜು ಮೈ ಕೊಡವಲು ತಯಾರಾದ. ಬಂದದ್ದು ಮಗಳ ದನಿಯಲ್ಲ.

"ಮೇಷ್ಟ್ರೇ... ಎಲ್ಲಿದೀರಪ್ಪ... ಒಂದ್ ಕೂಗಾಕಿ ಮೇಷ್ಟ್ರೇ..."

ಚಲುವಯ್ಯನ ದನಿ. ದಣಿದು ಒಡೆದ ದನಿ. ತನ್ನನ್ನು ಹುಡುಕುತ್ತಿದ್ದಾರೆ ಎಂದು ತಿಮ್ಮರಾಜುವಿಗೆ ಆಗ ತಲೆಗೆ ಹೋಯಿತು. ಇಲ್ಲೇ ಇದ್ದೀನಿ ಎಂದು ಒಂದು ಮಾತು ಸಾಕಿತ್ತು. ಆದರೆ ಹೊರಗೆ ಕೂತು ಇಲ್ಲೇ ಇದ್ದೀನಿ ಅನ್ನುವುದು ಹೇಗೆ? ಬಂದದ್ದು ಹೇಗೆ ಅಂತ ಕೇಳಿದರೆ ಏನು ಹೇಳುವುದು? ಮೊದಲು ಯೋಚನೆ ಮಾಡಿಕೊಳ್ಳೋಣ, ಆಮೇಲೆ ಕೂಗೋಣ ಅಂದುಕೊಂಡು ಬಂಡೆಗೆ ಬೆನ್ನೊತ್ತಿ ಉಸಿರು ಹಿಡಿದ. ಮೈದಾನವೆಲ್ಲ ಕೇಳಿಸುವ ಗಂಟಲು ಒಂದು ಅಕ್ಷರ ಆಡಲಿಲ್ಲ. ಮುದುಕ ಇನ್ನೂ ಎರಡು ಸಲ ಕೂಗಿದ. ನಿಂತು ಕಾದ. ಬೆಳಕು ಹಿಂದಕ್ಕೆ ತಿರುಗಿತು, ದನಿ ಗುಡ್ಡದ ಒಳಗೆ ಒಳಗೆ ಹೋಗಿ ಅಡಗಿತು.

ತಿಮ್ಮರಾಜು ಎದ್ದು ಓಡಿದ. ದಾರಿಯಲ್ಲೇ ಸುಳ್ಳು ಕೂಡಿಬಂತು. ಒಳಗೆ ದಾರಿ ತಪ್ಪಿದೆ, ತೆವಳಿ ತೆವಳಿ ಬೇರೆ ಯಾವುದೋ ತೂತಿನಿಂದ ಹೊರಗೆ ಬಿದ್ದೆ. ಮೈಮೇಲೆ ಕೆಸರಿದೆ, ಷರ್ಟು ಹರಿದಿದೆ, ಕೈಯಲ್ಲಿ ಗೀರಿದೆ. ಇನ್ನೇನು ಸಾಕ್ಷಿ ಬೇಕು.

ಮುಂಬಾಯಿಯ ಹತ್ತಿರ ಐವತ್ತು ಅರವತ್ತು ಜನ. ಅವನನ್ನು ಮೊದಲು ಕಂಡವನು ಸೋಮಯ್ಯ ಎಂಬ ನೆರೆಮನೆಯವನು. "ಅಗಾ, ಮೇಷ್ಟ್ರು ಬಂದ್ರು ಕಣ್ರಲಾ" ಎಂದ. ಎಲ್ಲರೂ ಮುತ್ತಿಕೊಂಡರು, ಯಾರೋ ನೀರು ಕೊಟ್ಟರು, ಯಾರೋ ಟವಲಿನಿಂದ ಮುಖ ಒರೆಸಿದರು. ತಿಮ್ಮರಾಜು ಸುಳ್ಳನ್ನು ಹೇಳಿದ. ಸಲೀಸಾಗಿ ಬಂತು. ಜನ ಚ್ಚು ಚ್ಚು ಎಂದರು. ಆ ತೂತು ಎಲ್ಲಿ ಎಂದು ಇಬ್ಬರು ಹುಡುಗರು ಆಗಲೇ ಕೇಳತೊಡಗಿದರು.

ಪವಿತ್ರ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಬಂದು, ಅವನ ಎರಡೂ ತೋಳು ಹಿಡಿದು ಅಲ್ಲಾಡಿಸಿ ಅತ್ತಳು. "ನನ್ ಜೀವನೇ ಹೋಗಿತ್ತು ಕಣ್ರೀ. ಇವಳು ನೋಡ್ರೀ, ಅಪ್ಪ ಒಳಗೇ ಬರ್ಲಿಲ್ಲ, ಸಂದಿನಿಂದ ತಿರುಗಿ ಓಗಿದ್ದ, ನಾನೇ ಕಣ್ಣಾರ ನೋಡ್ದೆ ಅಂತ ಇಷ್ಟು ಜನದ ಮುಂದೆ ಅಂತಾಳೆ. ಕಲ್ಲು ಎದುರಿಗೇ ಕೂತದೆ. ಕಟ್ಕೊಂಡವ್ನು ಒಳಗೆ ಏನಾದ್ನೋ ಅಂತ ನಾನು ಸಾಯ್ತಿದ್ರೆ ಇವಳು ಇಂಗಂತಾಳಲ್ಲ ಅಂತ, ಎರಡು ಬಿಟ್ಟೆ."

ರಂಜಿತ ಜನರಿಂದ ಆಚೆ, ಒಂದು ಬಂಡೆಗೆ ಒರಗಿ ನಿಂತಿದ್ದಳು. ಎಡಗೆನ್ನೆಯ ಮೇಲೆ ಬೆರಳಿನ ಗುರುತು ಇನ್ನೂ ಕೆಂಪಗಿತ್ತು. ಅಪ್ಪನನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಕಾಯುವವರು ನೋಡುವ ಹಾಗೆ.

ಸಂದಿನಲ್ಲಿ ಅಪ್ಪನಿಗೆ ಬ್ಯಾಟರಿ ಹಿಡಿಯೋಣ ಅಂತ ಅವಳು ಹಿಂದೆ ತಿರುಗಿದ್ದಳು. ಅವನ ಬೆನ್ನು ಕಂಡಿತ್ತು. ಅಪ್ಪನಿಗೆ ನಾಚಿಕೆಯಾಗುತ್ತದೆ ಎಂದು ಮಾವನಿಗೂ ಹೇಳದೆ ಸುಮ್ಮನೆ ಮುಂದೆ ಹೋಗಿದ್ದಳು. ಎಲ್ಲರೂ ಗಾಬರಿಯಾದ ಮೇಲೆ, ಬೇರೆ ದಾರಿ ಇಲ್ಲದೆ ಬಾಯಿ ಬಿಟ್ಟಿದ್ದಳು. ಮಗಳ ಮಾತನ್ನು ಯಾರೂ ನಂಬಲಿಲ್ಲ, ಕಲ್ಲನ್ನು ನಂಬಿದರು. ಪಿ.ಟಿ. ಮೇಷ್ಟ್ರು, ಒಬ್ಬನೇ ತೂರಿದವನು, ಅಷ್ಟು ದೊಡ್ಡ ಕಲ್ಲಿಟ್ಟವನು.

ಈಗ ಹೇಳಬೇಕಿತ್ತು. ಈಗ, ಆ ಕೆನ್ನೆಯನ್ನು ನೋಡಿದ ಮೇಲಾದರೂ. ತಿಮ್ಮರಾಜು ಬಾಯಿ ತೆರೆದ. ಬಂದ ಮಾತು ಇದು: "ಹೋಗ್ಲಿ ಬುಡು ಪವಿ. ಗಾಬರಿಲಿ ಏನೋ ಅಂದವ್ಳೆ, ಚಿಕ್ಕ ಹುಡುಗಿ."

ಅಂದರೆ ಮಗಳನ್ನು ಕ್ಷಮಿಸಿದ. ನಿಜ ಹೇಳಿದ್ದಕ್ಕೆ ಕ್ಷಮಿಸಿದ. ಆಡಿದ ಮರುಕ್ಷಣವೇ ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು, ಭೂಮಿ ಬಾಯಿಬಿಟ್ಟುಕೊಂಡು ಪಕ್ಕದಲ್ಲೇ ಇತ್ತು, ಅದರೊಳಗೆ ಹೋಗುವ ಧೈರ್ಯ ಇಲ್ಲದ್ದಕ್ಕೇ ಇಷ್ಟೆಲ್ಲ. ರಂಜಿತ ಕಣ್ಣು ತಗ್ಗಿಸಿ ಕಾಲಬೆರಳಿನಿಂದ ಮಣ್ಣು ಕೆದಕತೊಡಗಿದಳು.

"ಚಲುವಯ್ಯ ಇನ್ನೂ ಬಂದಿಲ್ವಲ್ಲ" ಎಂದು ಸೋಮಯ್ಯ ಅಂದಾಗ ಎಲ್ಲರಿಗೂ ನೆನಪಾಯಿತು. ಮಂಜುನಾಥ ಇನ್ನಿಬ್ಬರನ್ನು ಕರೆದುಕೊಂಡು ಒಳಗೆ ಹೋದ. ಅವರು ಬರಲು ಮುಕ್ಕಾಲು ಗಂಟೆ ಹಿಡಿಯಿತು. ತಿಮ್ಮರಾಜುವಿಗೆ ಕೂರಲೂ ಆಗದು, ನಿಲ್ಲಲೂ ಆಗದು. ಆ ದನಿ ಕಿವಿಯಲ್ಲೇ ಇತ್ತು. ಒಂದ್ ಕೂಗಾಕಿ ಮೇಷ್ಟ್ರೇ.

ಮುದುಕನನ್ನು ಹೊರಗೆ ತಂದಾಗ ಅವನ ಹಣೆಯಿಂದ ರಕ್ತ ಇಳಿದು ಹುಬ್ಬಿನಲ್ಲಿ ಒಣಗಿತ್ತು. ಬಲಗಾಲು ಪಾದದ ಹತ್ತಿರ ಊದಿಕೊಂಡು ಓರೆಯಾಗಿತ್ತು, ಮುರಿದಿದೆ ಎಂದು ನೋಡಿದವರಿಗೇ ಗೊತ್ತಾಗುತ್ತಿತ್ತು. ಚಪ್ಪಡಿಯ ಪಕ್ಕದಲ್ಲಿ ಕೂರಿಸಿದರು. ತಿಮ್ಮರಾಜುವನ್ನು ಕಂಡ ತಕ್ಷಣ ಅವನ ಮುಖ ಅರಳಿತು.

"ಬಂದ್ಬುಟ್ರಾ ಮೇಷ್ಟ್ರೆ. ಪುಣ್ಯ. ನಾನು ಆಚೆ ಬಾಯ್ಗಂಟ ಓಗಿ ಕೂಗ್ದೆ. ನೀವು ಆ ಕಡೆಯಿಂದ ಆಚೆ ಬಂದಿದ್ರೆ ಉತ್ತರ ಕೊಡ್ತಿದ್ರಿ. ಉತ್ತರ ಬರ್ಲಿಲ್ಲ, ಅದ್ಕೇ ಗವಿಯೊಳಗಿನ ಬಾವಲಿಗುಂಡೀಲಿ ಬಿದ್ದವ್ರೆ ಅಂತ ಇಳಿದೆ. ಕಾಲು ಜಾರ್ತು." ಉಸಿರು ಎಳೆದುಕೊಂಡು ಮತ್ತೆ ಕೇಳಿದ, "ಎಲ್ಲಿಂದ ಬಂದ್ರಿ?"

"ಬೇರೆ ಒಂದು ತೂತು..." ಎಂದ ತಿಮ್ಮರಾಜು. ದನಿ ಅವನಿಗೇ ಕೇಳಿಸಲಿಲ್ಲ.

ಚಲುವಯ್ಯ ಬಹಳ ಹೊತ್ತು ಅವನನ್ನು ನೋಡಿದ. "ಅರವತ್ತು ವರ್ಷ ಆಯ್ತು ನಾನು ಇದ್ರೊಳಗೆ ಓಡಾಡಕ್ ಸುರು ಮಾಡಿ. ಇನ್ನೊಂದು ತೂತು ನಾನು ಕಂಡಿಲ್ಲ." ಸುತ್ತ ನೋಡಿ, ಬಂಡೆಗೆ ಒರಗಿದ್ದ ಹುಡುಗಿಯನ್ನು ಕೈಸನ್ನೆ ಮಾಡಿ ಕರೆದ. "ಬಾ ಕೂಸೆ ಇಲ್ಲಿ. ನೀನು ಆಗ ಏನೋ ಅಂದ್ಯಲ್ಲ. ನಾನೂ ಕೇಳ್ಲಿಲ್ಲ, ಅವಸರದಾಗೆ ಇದ್ದೆ. ಈಗ ಯೋಳು. ನಿಮ್ಮಪ್ಪ ಒಳಗೆ ಬಂದಿದ್ನಾ, ಇಲ್ವಾ?"

ಎಲ್ಲರೂ ರಂಜಿತಳ ಕಡೆ ತಿರುಗಿದರು. ಪವಿತ್ರಳ ಅಳು ನಿಂತಿತು. ತಿಮ್ಮರಾಜು ಮಗಳ ಮುಖ ನೋಡಿದ. ಹೇಳಿಬಿಡಲಿ ಎಂದು ಒಂದು ಮನಸ್ಸು, ಹೇಳದಿರಲಿ ಎಂದು ಇನ್ನೊಂದು, ಎರಡೂ ಅವನ ಮುಖದ ಮೇಲೆ ಕಾಣುತ್ತಿದ್ದಿರಬೇಕು. ರಂಜಿತ ಅಪ್ಪನನ್ನು ಒಂದು ಸಲ ಪೂರ್ತಿ ನೋಡಿದಳು, ಕೆಸರಿನ ಎದೆ, ಹರಿದ ಷರ್ಟು, ಕೊರಳ ಸೀಟಿ. ಆಮೇಲೆ ಮುದುಕನಿಗೆ ಹೇಳಿದಳು:

"ಬಂದಿದ್ರು ತಾತ. ನನ್ ಹಿಂದೇನೇ ಇದ್ರು. ನಾನೇ ಸುಳ್ಳೇಳ್ದೆ. ತಪ್ಪಾಯ್ತು."

ಅಡ್ಡಿಯಿಲ್ಲದೆ, ತಡವರಿಸದೆ, ಸಲೀಸಾಗಿ ಹೇಳಿದಳು. ಅವಳ ಬಾಯಿಂದ ಅಂಥ ಮಾತು ಅಷ್ಟು ಸುಲಭವಾಗಿ ಬಂದದ್ದು ತಿಮ್ಮರಾಜು ಕೇಳಿದ್ದು ಅದೇ ಮೊದಲು. ಯಾರ ದನಿ ಅದು ಎಂದು ಅವನಿಗೆ ಗುರುತು ಹತ್ತಿತು.

"ಇಲ್ಲ" ಎಂದ.

ಮೊದಲು ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದ, ಮೈದಾನದ ದನಿಯಲ್ಲಲ್ಲ, ಆದರೂ ಎಲ್ಲರಿಗೂ ಕೇಳಿಸುವ ಹಾಗೆ. "ಇಲ್ಲ ಚಲುವಯ್ಯ. ಅವಳು ಮೊದ್ಲು ಹೇಳಿದ್ದೇ ನಿಜ. ನಾನು ಸಂದಿನಿಂದ ವಾಪಸ್ ಬಂದ್ಬುಟ್ಟೆ. ನನಗೆ ಭಯ. ಮದುವೆ ವರ್ಷನೂ ತೂರಿಲ್ಲ. ಯಾವತ್ತೂ ತೂರಿಲ್ಲ. ಈ ಕೆಸರು ಹಳ್ಳದ್ದು."

ಗುಂಪಿನ ಹಿಂದೆ ಯಾರೋ ಕಿಸಕ್ಕೆಂದರು. ಅವನಿಗೆ ಆ ನಗೆಯೂ ಒಂದು ಥರ ಸಮಾಧಾನ ತಂದಿತು, ಅಷ್ಟಕ್ಕೇ ಮುಗಿಯುವುದಾದರೆ ಮುಗಿಯಲಿ ಅನ್ನಿಸಿತು. ಆದರೆ ಮುಗಿದಿರಲಿಲ್ಲ. ನಿಲ್ಲಿಸಿದರೆ ಇನ್ನು ಯಾವತ್ತೂ ಹೇಳಲಾರೆ ಎಂದು ಅವನಿಗೆ ಗೊತ್ತಿತ್ತು.

"ನೀವು ಆಚೆ ಬಾಯಲ್ಲಿ ನಿಂತು ಕೂಗಿದ್ರಲ್ಲ. ಮೂರ್ ಸಲ. ನಾನು ಹೊರಗೆ ಬಂಡೆ ಹಿಂದೆ ಇದ್ದೆ. ಕೇಳಿಸ್ತು."

ಈಗ ಯಾರೂ ನಗಲಿಲ್ಲ. ಮಂಜುನಾಥ ಭಾವನ ಪಕ್ಕದಲ್ಲಿ ನಿಂತಿದ್ದವನು ಒಂದು ಹೆಜ್ಜೆ ಆಚೆ ಸರಿದ. ಪವಿತ್ರ ತನ್ನ ಬಲಗೈಯನ್ನು ತಾನೇ ನೋಡಿಕೊಂಡಳು, ಹೊಡೆದ ಕೈ.

"ಕೇಳಿಸ್ತಾ?" ಎಂದ ಚಲುವಯ್ಯ. ಬೈಯಲಿಲ್ಲ. ಬೈದಿದ್ದರೆ ತಿಮ್ಮರಾಜು ತಲೆ ಬಗ್ಗಿಸಿ ಅಷ್ಟೂ ತಿನ್ನುತ್ತಿದ್ದ. ಮುದುಕ ಊದಿದ ಕಾಲನ್ನು ಎರಡು ಕೈಯಿಂದ ಹಿಡಿದುಕೊಂಡು, "ಒಳಿಕ್ಕೋಗ್ದೆ ಇರೋದು ತಪ್ಪಲ್ಲ ಮೇಷ್ಟ್ರೆ. ಈ ಊರಾಗೆ ಅರ್ಧ ಜನ ಓಗಿಲ್ಲ. ನನ್ ಸ್ವಂತ ತಮ್ಮ ಓಗಿಲ್ಲ" ಎಂದ. ಮುಂದೆ ಏನೋ ಹೇಳಲು ಹೊರಟು ಬಿಟ್ಟುಬಿಟ್ಟ. "ಮಂಜ, ನೀರ್ ಕೊಡ್ಲಾ."

ಮುದುಕನನ್ನು ಕೆಳಗೆ ಇಳಿಸಬೇಕಿತ್ತು. ನಾಗಮಂಗಲದ ಆಸ್ಪತ್ರೆಗೆ ಹೋಗಲು ಕಾರು ಗುಡ್ಡದ ಬುಡಕ್ಕೆ ಮಾತ್ರ ಬರುತ್ತದೆ. ಬಿದ್ದ ಹುಡುಗರನ್ನು ಹೆಗಲ ಮೇಲೆ ಹೊತ್ತು ಅಭ್ಯಾಸವಿದ್ದ ತಿಮ್ಮರಾಜು ಮುಂದೆ ಬಂದು ಬೆನ್ನು ಬಗ್ಗಿಸಿ ಕೂತ. "ಹತ್ತಿ ಚಲುವಯ್ಯ. ನಾನು ಹೊತ್ಕೊಂಡು ಹೋಗ್ತೀನಿ."

ಬೆನ್ನ ಮೇಲೆ ಯಾವ ಕೈಯೂ ಬೀಳಲಿಲ್ಲ.

"ಬ್ಯಾಡಿ ಮೇಷ್ಟ್ರೆ. ಮಂಜ ಒತ್ಕತಾನೆ" ಎಂದು ಹಿಂದಿನಿಂದ ಚಲುವಯ್ಯ ಹೇಳಿದ. ಮರ್ಯಾದೆಯಿಂದಲೇ ಹೇಳಿದ. ತಿಮ್ಮರಾಜು ಹಾಗೇ ಒಂದು ಕ್ಷಣ ಬಗ್ಗಿ ಕೂತಿದ್ದು, ಎದ್ದು, ದಾರಿ ಬಿಟ್ಟು ನಿಂತ.

ಜನ ಸಾಲಾಗಿ ಇಳಿದರು. ಪವಿತ್ರ ಮಗಳ ಕೈ ಹಿಡಿಯಲು ಹೋದಳು, ರಂಜಿತ ಬಿಡಿಸಿಕೊಂಡಳು, ಆಮೇಲೆ ಅಮ್ಮನ ಮುಖ ನೋಡಿ ತಾನೇ ಹಿಡಿದುಕೊಂಡಳು. ಎಲ್ಲರಿಗಿಂತ ಹಿಂದೆ ತಿಮ್ಮರಾಜು ಒಬ್ಬನೇ ನಡೆದ. ಹುಚ್ಚೆಳ್ಳು ಹೊಲದ ಬದುವಿನಲ್ಲಿ ರಂಜಿತ ಅಮ್ಮನನ್ನು ಮುಂದೆ ಕಳಿಸಿ ನಿಂತಳು. ಅಪ್ಪ ಹತ್ತಿರ ಬಂದ ಮೇಲೆ ಜೊತೆಗೆ ಹೆಜ್ಜೆ ಹಾಕಿದಳು.

ಸ್ವಲ್ಪ ದೂರ ಹೋದ ಮೇಲೆ ಅವನು ಕೇಳಿದ. "ಯಾಕೆ ಹಂಗಂದೆ ಮಗಳೆ? ಏಟು ತಿಂದ ಮೇಲೂ?"

ರಂಜಿತ ದಾರಿ ನೋಡುತ್ತಲೇ ಹೇಳಿದಳು. "ನೀನು ಹಂಗೆ ನಿಂತಿದ್ಯಲ್ಲಪ್ಪ. ನೋಡಕ್ಕಾಗ್ಲಿಲ್ಲ."

ಮಗಳು ತನ್ನನ್ನು ನೋಡಿ ಹೆಮ್ಮೆಪಡಲಿ ಎಂದು ಇಷ್ಟು ವರ್ಷ ಬಡಾಯಿ ಕೊಚ್ಚಿದವನನ್ನು ಕಂಡು, ಆ ಹದಿನೇಳು ವರ್ಷದ ಹುಡುಗಿ ಅಯ್ಯೋ ಪಾಪ ಅಂದುಕೊಂಡಿದ್ದಳು. ಊರು ಮುಟ್ಟುವವರೆಗೂ ಅವಳು ಅವನ ಪಕ್ಕದಲ್ಲೇ ನಡೆದಳು, ಅವನು ಒಂದು ಸಲವೂ ಅವಳ ಎಡಗೆನ್ನೆಯ ಕಡೆಗೆ ತಿರುಗಲಿಲ್ಲ.